ಆಸ್ತಿ ಹಂಚಬೇಕಾದವರೇ ತೀರಿಕೊಂಡರೆ: ಅರ್ಧಕ್ಕೆ ನಿಂತ ಕೆಲಸ ಮುಂದುವರಿಸುವುದು ಹೇಗೆ?

ಹದಿಮೂರನೇ ದಿನದ ಊಟ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ, ಜಗಲಿಯಲ್ಲಿ ಕೂತ ಮನೆಯವರ ನಡುವೆ ಈ ಮಾತು ಬರುತ್ತದೆ. “ಅಪ್ಪನ ಆಸ್ತಿ ಹಂಚಲಿಕ್ಕೆ ಕೋರ್ಟಿನ ಕಾಗದ ಇದ್ದದ್ದು ಅಣ್ಣನ ಹೆಸರಿನಲ್ಲಿ. ಈಗ ಅಣ್ಣನೇ ಇಲ್ಲ. ಮುಂದೆ ಯಾರು?”

ಮಲೆನಾಡಿನ ಮನೆಗಳಲ್ಲಿ ಈ ಪ್ರಶ್ನೆಗೆ ಈಗ ಹೆಚ್ಚು ತೂಕ ಬಂದಿದೆ. ಮಕ್ಕಳಲ್ಲಿ ಒಬ್ಬರು ತೋಟ ನೋಡಿಕೊಂಡು ಊರಿನಲ್ಲಿರುತ್ತಾರೆ, ಇನ್ನೊಬ್ಬರು ಬೆಂಗಳೂರಿನಲ್ಲಿ, ಮತ್ತೊಬ್ಬರು ಸಮುದ್ರದಾಚೆ. ಅಪ್ಪ ಬಿಟ್ಟುಹೋದದ್ದು ಅಡಿಕೆ ತೋಟ, ಗದ್ದೆ, ಮನೆಯಷ್ಟೇ ಆಗಿದ್ದ ಕಾಲ ಕಳೆದಿದೆ. ಬ್ಯಾಂಕಿನ ಠೇವಣಿ, ಕಂಪನಿ ಷೇರು, ಶಿವಮೊಗ್ಗದಲ್ಲೊಂದು ಸೈಟು, ಯಾರಿಗೋ ಕೊಟ್ಟ ಕೈಸಾಲ ಎಲ್ಲವೂ ಇರುತ್ತವೆ. ಅದನ್ನೆಲ್ಲ ಒಟ್ಟು ಮಾಡಿ ಹಂಚುವ ಹೊಣೆ ಊರಿನಲ್ಲಿ ಉಳಿದ ಹಿರಿಯರ ಹೆಗಲಿಗೆ ಬೀಳುತ್ತದೆ. ಆ ಹಿರಿಯರಿಗೂ ಅರವತ್ತು, ಎಪ್ಪತ್ತು ದಾಟಿರುತ್ತದೆ.

ಹಂಚಿಕೆ ನಡುವಿನಲ್ಲಿರುವಾಗ ಅವರು ತೀರಿಕೊಂಡರೆ ಕಾನೂನು ಏನು ಹೇಳುತ್ತದೆ, ಮನೆಯವರು ಏನು ಮಾಡಬೇಕು ಎಂಬುದನ್ನು ಬುಡದಿಂದ ನೋಡೋಣ.

ಲೆಕ್ಕಕ್ಕೊಂದು ಮನೆ

ವಿಷಯ ಹಿಡಿತಕ್ಕೆ ಸಿಗಲೆಂದು ನಾನೇ ಒಂದು ಮನೆ ಕಟ್ಟಿಕೊಳ್ಳುತ್ತೇನೆ. ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಉಳಿದವರು ಅಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಆಸ್ತಿಯೆಲ್ಲ ಅಪ್ಪನ ಸ್ವಯಾರ್ಜಿತ. ಬ್ಯಾಂಕು ಮತ್ತು ಷೇರಿನ ಕಂಪನಿಗಳು ಕೋರ್ಟಿನ ಆದೇಶ ಕೇಳಿದ್ದರಿಂದ ಹಿರಿಯ ಮಗ ಶಿವಮೊಗ್ಗದ ಜಿಲ್ಲಾ ನ್ಯಾಯಾಲಯದಿಂದ ಅಧಿಕಾರ ಪಡೆದರು. ಸೊಸೈಟಿ ಸಾಲ ತೀರಿಸಿದರು, ಎರಡು ವರ್ಷದ ಅಡಿಕೆ ಮಾರಿದರು, ದೊಡ್ಡ ತಂಗಿಗೆ ಅವಳ ಪಾಲಿನ ಬಾಬ್ತು ಒಂದಷ್ಟು ಹಣ ಕೊಟ್ಟರು. ಅಷ್ಟರಲ್ಲಿ ಹೃದಯಾಘಾತ. ಷೇರು, ಸೈಟು, ತೋಟ, ಒಂದು ಠೇವಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇವೆ.

ಅಡ್ಮಿನಿಸ್ಟ್ರೇಟರ್ ಅಂದರೆ ಯಾರು?

ಒಬ್ಬರು ತೀರಿಕೊಂಡಾಗ ಅವರ ಆಸ್ತಿ, ಸಾಲ, ಬರಬೇಕಾದ ಬಾಕಿ ಎಲ್ಲ ಸೇರಿ ಒಂದು ಗಂಟಾಗುತ್ತದೆ. ಆ ಗಂಟನ್ನು ಬಿಚ್ಚಿ, ಕೊಡಬೇಕಾದದ್ದನ್ನು ಕೊಟ್ಟು, ಉಳಿದದ್ದನ್ನು ಹಕ್ಕುಳ್ಳವರಿಗೆ ಹಂಚಲು ಒಬ್ಬರು ಬೇಕು.

ತೀರಿಕೊಂಡವರು ಉಯಿಲಿನಲ್ಲೇ ಆ ಕೆಲಸಕ್ಕೆ ಒಬ್ಬರನ್ನು ಹೆಸರಿಸಿದ್ದರೆ ಅವರನ್ನು ಎಕ್ಸಿಕ್ಯೂಟರ್ ಎನ್ನುತ್ತಾರೆ. ಉಯಿಲು ಸಾಚಾ ಎಂದು ನ್ಯಾಯಾಲಯ ಅವರಿಗೆ ಕೊಡುವ ಮುದ್ರೆಯೊತ್ತಿದ ಪ್ರತಿಯೇ ಪ್ರೊಬೇಟ್. ಉಯಿಲೇ ಇಲ್ಲದಿದ್ದರೆ, ಅಥವಾ ಉಯಿಲಿನಲ್ಲಿ ಯಾರನ್ನೂ ಹೆಸರಿಸದಿದ್ದರೆ, ನ್ಯಾಯಾಲಯವೇ ಒಬ್ಬರನ್ನು ನೇಮಿಸುತ್ತದೆ. ಅವರು ಅಡ್ಮಿನಿಸ್ಟ್ರೇಟರ್. ಅವರ ಕೈಗೆ ಸಿಗುವ ಆದೇಶವನ್ನು ವಕೀಲರು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಎಂದು ಕರೆಯುತ್ತಾರೆ. ಇಲ್ಲಿ ನಾವು ಅದನ್ನು ಆಡಳಿತ ಪತ್ರ ಎನ್ನೋಣ. ಎರಡಕ್ಕೂ ಆಧಾರ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಬೇರೆ ಕಾನೂನಿನ ಹೆಸರು ಹೇಳದ ಕಡೆಯೆಲ್ಲ ಕಲಂ ಎಂದರೆ ಇದರದ್ದೇ.

ಹಿಂದೂ ಕುಟುಂಬಗಳಿಗೆ ಉಯಿಲಿಲ್ಲದ ಆಸ್ತಿಯಲ್ಲಿ ಹಕ್ಕು ಸಾಧಿಸಲು ಆಡಳಿತ ಪತ್ರ ಕಡ್ಡಾಯವಲ್ಲ. ಅದೇ ಅಧಿನಿಯಮದ ಕಲಂ 212 ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ, ಭಾರತೀಯ ಕ್ರೈಸ್ತ ಮತ್ತು ಪಾರ್ಸಿ ಜನರಿಗೆ ಈ ವಿನಾಯಿತಿ ಕೊಟ್ಟಿದೆ. ಅದಕ್ಕೇ ನಮ್ಮ ಕಡೆ ಬಹಳಷ್ಟು ಮನೆಗಳು ಕೋರ್ಟಿನ ಮೆಟ್ಟಿಲು ಹತ್ತದೆ, ಪೌತಿ ಖಾತೆ ಮಾಡಿಸಿ (ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಿ), ಪಾಲುಪಟ್ಟಿ ನೋಂದಾಯಿಸಿ ಮುಗಿಸುತ್ತವೆ. ಆದರೆ ದೊಡ್ಡ ಮೊತ್ತದ ಷೇರು, ವಸೂಲಾಗಬೇಕಾದ ಸಾಲ, ಒಮ್ಮತ ಬಾರದ ವಾರಸುದಾರರು ಇದ್ದಾಗ ಇಡೀ ಗಂಟನ್ನು ಒಬ್ಬರ ಕೈಗೆ ಕೊಡುವ ಈ ಆದೇಶ ಬೇಕಾಗುತ್ತದೆ. ಬ್ಯಾಂಕಿನವರು ಕೇಳುವ ಉತ್ತರಾಧಿಕಾರ ಪ್ರಮಾಣಪತ್ರ ಬೇರೆ. ಅದು ಬರಬೇಕಾದ ಹಣ ಮತ್ತು ಷೇರು, ಬಾಂಡುಗಳಂಥವುಗಳಿಗೆ ಮಾತ್ರ ಸಲ್ಲುತ್ತದೆ. ತೋಟ, ಸೈಟಿಗೆ ಅದು ನಡೆಯುವುದಿಲ್ಲ.

ಉಗ್ರಾಣದ ಬೀಗದ ಕೈ

ಅಡ್ಮಿನಿಸ್ಟ್ರೇಟರ್ ಹುದ್ದೆ ಎಂಥದ್ದು ಎಂಬುದಕ್ಕೆ ನನಗೆ ಮದುವೆ ಮನೆಯ ಉಗ್ರಾಣಕ್ಕಿಂತ ಒಳ್ಳೆಯ ಹೋಲಿಕೆ ಹೊಳೆಯುವುದಿಲ್ಲ. ಅಕ್ಕಿ, ಬೆಲ್ಲ, ತುಪ್ಪ, ತೆಂಗಿನಕಾಯಿ ತುಂಬಿದ ಕೋಣೆ. ಬೀಗದ ಕೈ ನಂಬಿಕಸ್ಥರೊಬ್ಬರ ಸೊಂಟದಲ್ಲಿ. ಅಡುಗೆ ಭಟ್ಟರು ಕೇಳಿದ್ದನ್ನು ಅಳೆದು ಕೊಡುವವರು ಅವರೇ, ತಂದದ್ದೆಷ್ಟು ಹೋದದ್ದೆಷ್ಟು ಎಂದು ನೋಡಿಕೊಳ್ಳುವವರೂ ಅವರೇ. ಇಡೀ ಉಗ್ರಾಣ ಅವರ ವಶದಲ್ಲಿದೆ. ಹಾಗೆಂದು ಒಂದು ಸೇರು ಅಕ್ಕಿಯೂ ಅವರದಲ್ಲ.

ಅವರು ಹುಷಾರು ತಪ್ಪಿ ಮಲಗಿದರು ಅನ್ನಿ. ಬೀಗದ ಕೈ ಅವರ ಮಗನಿಗೆ ತಾನಾಗಿ ಹೋಗುವುದಿಲ್ಲ. ಮದುವೆ ಮನೆಯ ಯಜಮಾನರು ಇನ್ನೊಬ್ಬರನ್ನು ಕರೆದು ಕೊಡುತ್ತಾರೆ. ಹೊಸಬರು ಮೊದಲು ಒಳಗೆ ಹೋಗಿ ಉಳಿದಿರುವುದನ್ನು ಎಣಿಸುತ್ತಾರೆ. ಬಡಿಸಿ ಆದ ಊಟದ ಗೊಡವೆ ಅವರಿಗಿಲ್ಲ.

ಕಾನೂನೂ ಇದೇ ಹಾದಿಯಲ್ಲಿದೆ. ಕಲಂ 211ರ ಪ್ರಕಾರ ತೀರಿಕೊಂಡವರ ಆಸ್ತಿಯೆಲ್ಲ ಅಡ್ಮಿನಿಸ್ಟ್ರೇಟರ್ ವಶಕ್ಕೆ ಬರುತ್ತದೆ, ಆದರೆ ಆ ಹುದ್ದೆಯ ಮಟ್ಟಿಗೆ ಮಾತ್ರ. ಹುದ್ದೆ ಒಬ್ಬ ವ್ಯಕ್ತಿಯ ಮೇಲೆ ನ್ಯಾಯಾಲಯ ಇಟ್ಟ ನಂಬಿಕೆ. ವ್ಯಕ್ತಿ ಹೋದರೆ ಆ ನಂಬಿಕೆಯೂ ಅಲ್ಲಿಗೆ ನಿಂತಿತು. ಅದು ಹೆಂಡತಿಗೋ ಮಗನಿಗೋ ಪಿತ್ರಾರ್ಜಿತವಾಗಿ ಇಳಿಯುವುದಿಲ್ಲ. ‘ನನ್ನ ನಂತರ ಅಪ್ಪನ ಆಸ್ತಿಯ ಹಂಚಿಕೆಯನ್ನು ನನ್ನ ಮಗ ಮುಂದುವರಿಸಲಿ’ ಎಂದು ಅಡ್ಮಿನಿಸ್ಟ್ರೇಟರ್ ಬರೆದಿಟ್ಟು ಹೋಗಿದ್ದರೂ ಅದರಿಂದ ಅಧಿಕಾರ ಹುಟ್ಟುವುದಿಲ್ಲ.

ಹಾಗಾದರೆ ಉಳಿದ ಆಸ್ತಿಗೆ ದಾರಿಯೇನು? ಕಲಂ 258 ಅದಕ್ಕಾಗಿಯೇ ಇದೆ. ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ ಆಸ್ತಿಯ ಒಂದು ಭಾಗದ ಆಡಳಿತ ಬಾಕಿ ಇರುವಾಗಲೇ ತೀರಿಕೊಂಡರೆ ಆ ಭಾಗಕ್ಕೆ ಹೊಸ ಪ್ರತಿನಿಧಿಯನ್ನು ನೇಮಿಸಬಹುದು ಎನ್ನುತ್ತದೆ ಅದು. ಆಡಳಿತ ಪೂರ್ತಿಯಾಗದ ಆಸ್ತಿಗೆ ಆಡಳಿತ ಪತ್ರ ಕೊಡುವಾಗ ಯಾವ ನಿಯಮ ಪಾಲಿಸಬೇಕು ಎಂಬುದು ಕಲಂ 259ರಲ್ಲಿದೆ. ಕಲಂ 313 ಇನ್ನೂ ಸ್ಪಷ್ಟ: ಹೀಗೆ ಬಂದವರಿಗೆ ಉಳಿದ ಆಸ್ತಿಯ ಮಟ್ಟಿಗೆ ಮೊದಲಿನ ಎಕ್ಸಿಕ್ಯೂಟರ್‌ಗೆ ಅಥವಾ ಅಡ್ಮಿನಿಸ್ಟ್ರೇಟರ್‌ಗೆ ಇದ್ದಷ್ಟೇ ಅಧಿಕಾರ. ಹಳೆಯ ವಕೀಲರ ಬಾಯಲ್ಲಿ ‘ಡಿ ಬೋನಿಸ್ ನಾನ್’ ಎಂಬ ಲ್ಯಾಟಿನ್ ಮಾತು ಕೇಳಿದರೆ ಗಾಬರಿ ಬೇಡ. ಆಡಳಿತ ಆಗದೆ ಉಳಿದ ಆಸ್ತಿ ಎಂದಷ್ಟೇ ಅದರ ಅರ್ಥ.

ಹುದ್ದೆ ನಿಂತಿತು, ಪಾಲು ನಿಂತಿಲ್ಲ

ಮನೆಮನೆಗಳಲ್ಲಿ ಮನಸ್ತಾಪ ಹುಟ್ಟುವುದು ಇಲ್ಲಿ. ಅದಕ್ಕೆ ಇಲ್ಲಿ ನಿಧಾನವಾಗಿ ಹೋಗೋಣ.

ನಮ್ಮ ಲೆಕ್ಕದ ಮನೆಯ ಹಿರಿಯ ಮಗನಿಗೆ ಎರಡು ಪಾತ್ರಗಳಿದ್ದವು. ಒಂದು, ಅಪ್ಪನ ಆಸ್ತಿಯ ಅಡ್ಮಿನಿಸ್ಟ್ರೇಟರ್. ಇನ್ನೊಂದು, ಅದೇ ಆಸ್ತಿಯಲ್ಲಿ ಪಾಲುದಾರ. ಮೊದಲನೆಯದು ಅವರ ಜತೆಗೇ ಹೋಯಿತು. ಎರಡನೆಯದು ಹೋಗಲಿಲ್ಲ. ಅಪ್ಪ ಕಣ್ಣು ಮುಚ್ಚಿದ ಕ್ಷಣದಲ್ಲೇ ಅವರಿಗೆ ಪಾಲಿನ ಹಕ್ಕು ಬಂದಾಗಿತ್ತು. ಕೈಗೆ ಸಿಗುವ ಮೊದಲು ತೀರಿಕೊಂಡರೆಂದು ಆ ಪಾಲು ಉಳಿದ ಒಡಹುಟ್ಟಿದವರಿಗೆ ಸೇರುವುದಿಲ್ಲ. ಅವರ ಸ್ವಂತ ವಾರಸುದಾರರಿಗೆ ಸೇರುತ್ತದೆ.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಅಮ್ಮ ಮತ್ತು ನಾಲ್ಕು ಮಕ್ಕಳಿಗೆ ಸಮಪಾಲು, ಅಂದರೆ ತಲಾ ಐದರಲ್ಲಿ ಒಂದು. ಹಿರಿಯ ಮಗನಿಗೆ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ, ಅವರೂ ಉಯಿಲು ಬರೆದಿರಲಿಲ್ಲ ಎಂದುಕೊಳ್ಳಿ. ಅವರ ಐದನೇ ಒಂದು ಪಾಲು ಈಗ ನಾಲ್ಕಾಗುತ್ತದೆ. ಹೆಂಡತಿ, ಇಬ್ಬರು ಮಕ್ಕಳು, ನಾಲ್ಕನೆಯವರು ಅವರ ಅಮ್ಮ. ಸತ್ತ ಮಗನಿಗೆ ತಾಯಿಯೂ ಮೊದಲ ವರ್ಗದ ವಾರಸುದಾರಳು ಎಂಬುದು ಎಷ್ಟೋ ಮನೆಗಳಲ್ಲಿ ಮರೆತೇ ಹೋಗಿರುತ್ತದೆ. ನಾಲ್ವರಿಗೂ ಇಡೀ ಆಸ್ತಿಯ ಇಪ್ಪತ್ತರಲ್ಲಿ ಒಂದೊಂದು. ಅಮ್ಮನದು ಮೊದಲಿನ ಐದನೇ ಒಂದಕ್ಕೆ ಇದು ಸೇರಿ ಒಟ್ಟು ನಾಲ್ಕರಲ್ಲಿ ಒಂದಾಯಿತು. ತಮ್ಮ ಮತ್ತು ಇಬ್ಬರು ತಂಗಿಯರ ಪಾಲಿಗೆ ಏನೂ ಆಗಿಲ್ಲ, ತಲಾ ಐದರಲ್ಲಿ ಒಂದು ಹಾಗೆಯೇ ಇದೆ. ದೊಡ್ಡ ತಂಗಿಗೆ ಈಗಾಗಲೇ ಕೊಟ್ಟ ಹಣ ಅವಳ ಪಾಲಿನಲ್ಲಿ ವಜಾ ಆಗುತ್ತದೆ.

ಆಸ್ತಿ ಪಿತ್ರಾರ್ಜಿತ ಅವಿಭಕ್ತ ಕುಟುಂಬದ್ದಾಗಿದ್ದರೆ ಭಾಗದ ಲೆಕ್ಕ ಬೇರೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಹಕ್ಕುದಾರರು. ನಮ್ಮ ಕಡೆಯ ಕ್ರೈಸ್ತ ಕುಟುಂಬಗಳಿಗೆ 1925ರ ಅಧಿನಿಯಮದ್ದೇ ಲೆಕ್ಕ: ಮಕ್ಕಳಿದ್ದರೆ ವಿಧವೆಗೆ ಮೂರರಲ್ಲಿ ಒಂದು, ಮಕ್ಕಳಿಗೆ ಉಳಿದ ಎರಡು. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು. ಪಾಲು ಯಾವ ಲೆಕ್ಕದಲ್ಲಿ ಬಂದರೂ, ಅಡ್ಮಿನಿಸ್ಟ್ರೇಟರ್ ಸತ್ತದ್ದರಿಂದ ಮೂಲ ಪಾಲುಗಳು ಕದಲುವುದಿಲ್ಲ.

ಹಾಗಾಗಿ ಮನೆಯ ಮುಂದೆ ಈಗ ಎರಡು ಗಂಟುಗಳಿವೆ: ಅಪ್ಪನದು ಮತ್ತು ಅಣ್ಣನದು. ಎರಡಕ್ಕೂ ಬೇರೆ ಬೇರೆ ಪುಸ್ತಕ ಇಡಿ. ಇದೊಂದು ಮಾಡಿದರೆ ಅರ್ಧ ಗೊಂದಲ ಅಲ್ಲಿಗೇ ಇಳಿಯುತ್ತದೆ.

ನಿಜಕ್ಕೂ ಹೊಸಬರು ಬೇಕೇ?

ಎಲ್ಲ ಮನೆಗೂ ಬೇಕಾಗುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಅಡ್ಮಿನಿಸ್ಟ್ರೇಟರ್ ಮಾತ್ರ ಮಾಡಬಲ್ಲ ಕೆಲಸ ಇನ್ನೂ ಬಾಕಿ ಇದೆಯೇ?

ಸಾಲಗಳೆಲ್ಲ ತೀರಿವೆ, ಬರಬೇಕಾದದ್ದು ಬಂದಿದೆ, ಉಳಿದದ್ದು ತೋಟ ಮತ್ತು ಮನೆ ಮಾತ್ರ, ಎಲ್ಲ ವಾರಸುದಾರರೂ ಒಂದೇ ಮಾತಿನಲ್ಲಿದ್ದಾರೆ ಎಂದಾದರೆ ವಕೀಲರ ಸಲಹೆ ಪಡೆದು ಎಲ್ಲರೂ ಸೇರಿ ಪಾಲುಪಟ್ಟಿ ನೋಂದಾಯಿಸಿಕೊಳ್ಳುವ ದಾರಿ ತೆರೆದಿರುತ್ತದೆ. ಅಣ್ಣನ ಮಕ್ಕಳು ಅಪ್ರಾಪ್ತರಾಗಿದ್ದರೆ ಮಾತ್ರ ಎಚ್ಚರ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾನೂನಿನ ಪ್ರಕಾರ ಅವರ ಸ್ಥಿರಾಸ್ತಿಯನ್ನು ತಾಯಿಯೇ ಆದರೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ.

ಷೇರಿನ ಕಂಪನಿ ‘ಆಡಳಿತ ಪತ್ರ ಇರುವವರ ಸಹಿ ಬೇಕು’ ಎನ್ನುತ್ತಿದ್ದರೆ, ವಸೂಲಿ ದಾವೆ ನಡೆಯುತ್ತಿದ್ದರೆ, ಅಪ್ಪನಿಗೆ ಸಾಲ ಕೊಟ್ಟವರು ಇನ್ನೂ ಬಾಗಿಲಲ್ಲಿ ನಿಂತಿದ್ದರೆ, ವಾರಸುದಾರರಲ್ಲಿ ಒಬ್ಬರಾದರೂ ಒಪ್ಪದಿದ್ದರೆ ಹೊಸ ನೇಮಕ ಬೇಕು.

ಹೊಸ ನೇಮಕವೇ ಬೇಡದ ಇನ್ನೊಂದು ಸಂದರ್ಭವಿದೆ. ಮೊದಲ ಆಡಳಿತ ಪತ್ರ ಇಬ್ಬರ ಹೆಸರಿನಲ್ಲಿದ್ದು ಒಬ್ಬರು ತೀರಿಕೊಂಡರೆ, ಆದೇಶದಲ್ಲಿ ಬೇರೆ ರೀತಿ ಹೇಳದಿದ್ದ ಪಕ್ಷದಲ್ಲಿ, ಎಲ್ಲ ಅಧಿಕಾರವೂ ಉಳಿದವರಿಗೆ ಬರುತ್ತದೆ ಎನ್ನುತ್ತದೆ ಕಲಂ 312. ಮರಣ ಪ್ರಮಾಣಪತ್ರದೊಂದಿಗೆ ಅವರು ಕೆಲಸ ಮುಂದುವರಿಸಬಹುದು. ಮೊದಲ ಅರ್ಜಿಯನ್ನೇ ಇಬ್ಬರ ಹೆಸರಿನಲ್ಲಿ, ಸಾಧ್ಯವಾದರೆ ಒಬ್ಬರು ಕಿರಿಯರಿರುವಂತೆ ಹಾಕುವುದು ಒಳ್ಳೆಯದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಮೊದಲ ಕೆಲವು ವಾರಗಳಲ್ಲಿ

ಮರಣ ನೋಂದಣಿ 21 ದಿನಗಳೊಳಗೆ ಆಗಲಿ. ಮರಣ ಪ್ರಮಾಣಪತ್ರದ ಹಲವು ಪ್ರತಿ ತೆಗೆದಿಡಿ. ಪ್ರತಿ ಕಚೇರಿಯೂ ಒಂದೊಂದು ಕೇಳುತ್ತದೆ.

ಬ್ಯಾಂಕಿಗೆ, ಷೇರು ಖಾತೆಯ ಕಡೆಯವರಿಗೆ, ಅಡಿಕೆ ಹಾಕುವ ಮಂಡಿಗೆ ಅಥವಾ ಮ್ಯಾಮ್‌ಕೋಸ್‌ನಂಥ ಸಹಕಾರಿ ಸಂಸ್ಥೆಗೆ ಬರವಣಿಗೆಯಲ್ಲಿ ತಿಳಿಸಿ. ಅಣ್ಣನ ಸಹಿಗೆ ಇನ್ನು ಬೆಲೆಯಿಲ್ಲ. ಓಡಾಟ ತಪ್ಪಿಸಲೆಂದು ಅಣ್ಣ ಯಾರಿಗಾದರೂ ಜಿಪಿಎ (ತನ್ನ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಬರೆದುಕೊಟ್ಟಿದ್ದರೆ ಅದೂ ಅವರ ಸಾವಿನೊಂದಿಗೆ ಕೊನೆಗೊಂಡಿತು. 1872ರ ಕರಾರು ಕಾಯ್ದೆಯ ಕಲಂ 201 ಹೇಳುವುದು ಅದನ್ನೇ. “ಜಿಪಿಎ ನನ್ನ ಹತ್ತಿರ ಇದೆ, ಸೈಟು ನಾನೇ ಮಾರಿಕೊಡುತ್ತೇನೆ” ಎಂದು ಯಾರೇ ಬಂದರೂ ಒಪ್ಪಬೇಡಿ.

ಅಣ್ಣ ಅಡ್ಮಿನಿಸ್ಟ್ರೇಟರ್ ಆಗಿ ಯಾವುದಾದರೂ ದಾವೆ ಹೂಡಿದ್ದರೆ ವಕೀಲರಿಗೆ ತಕ್ಷಣ ಸುದ್ದಿ ಮುಟ್ಟಿಸಿ. ಕಕ್ಷಿದಾರರು ಸತ್ತಾಗ ಅವರ ಜಾಗಕ್ಕೆ ಬರುವವರನ್ನು ದಾಖಲಿಸುವ ಅರ್ಜಿಗೆ ಸಾಮಾನ್ಯವಾಗಿ 90 ದಿನಗಳ ಗಡುವಿದೆ. ಅದು ಮೀರಿದರೆ ದಾವೆ ಅಲ್ಲಿಗೇ ಬಿದ್ದುಹೋಗಬಹುದು. ಎತ್ತಿ ನಿಲ್ಲಿಸಲು ಮತ್ತೊಂದು ಅರ್ಜಿ, ಮತ್ತೊಂದಷ್ಟು ಕಾಲ.

ತೋಟ ಕಾಯುವುದಿಲ್ಲ. ಮಳೆಗೆ ಮೊದಲು ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಬರುತ್ತದೆ, ಹೊತ್ತಿಗೆ ಕೊನೆ (ಅಡಿಕೆ ಗೊನೆ) ತೆಗೆಯದಿದ್ದರೆ ಅಡಿಕೆ ಹಣ್ಣಾಗಿ ಉದುರುತ್ತದೆ. ಕೋರ್ಟಿನ ಆದೇಶ ಬರುವವರೆಗೆ ವಾರಸುದಾರರೆಲ್ಲ ಒಪ್ಪಿ ಒಬ್ಬರಿಗೆ ನೋಡಿಕೊಳ್ಳಲು ಹೇಳಬಹುದು. ಅದನ್ನು ಒಂದು ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಕೊನೆಗಾರರ ಕೂಲಿ, ಸುಲಿತದ ಖರ್ಚು, ಮಾರಾಟದ ಬಿಲ್ಲು ಎಲ್ಲ ಒಂದೇ ಪುಸ್ತಕದಲ್ಲಿರಲಿ, ಬಂದ ಹಣ ಪ್ರತ್ಯೇಕ ಖಾತೆಗೆ ಹೋಗಲಿ. ಒಮ್ಮತ ಇಲ್ಲದೆ, ಆಡಳಿತ ಪತ್ರಕ್ಕಾಗಿಯೇ ವ್ಯಾಜ್ಯ ಎದ್ದರೆ, ಅದು ಮುಗಿಯುವವರೆಗೆ ತಾತ್ಕಾಲಿಕ ಅಡ್ಮಿನಿಸ್ಟ್ರೇಟರ್ ಒಬ್ಬರನ್ನು ನೇಮಿಸುವಂತೆ ಕಲಂ 247ರ ಅಡಿ ಕೇಳಬಹುದು. ಅವರು ನ್ಯಾಯಾಲಯದ ಹಿಡಿತದಲ್ಲಿ ಕೆಲಸ ಮಾಡುತ್ತಾರೆ. ಆಸ್ತಿ ಹಂಚುವುದೊಂದನ್ನು ಬಿಟ್ಟು ಅಡ್ಮಿನಿಸ್ಟ್ರೇಟರ್‌ನ ಉಳಿದ ಅಧಿಕಾರವೆಲ್ಲ ಅವರಿಗಿರುತ್ತದೆ.

ಹಳೆಯ ಕಡತ ಹುಡುಕಿ

ಅಡ್ಮಿನಿಸ್ಟ್ರೇಟರ್ ಆದವರು ಆದೇಶ ಸಿಕ್ಕ ಆರು ತಿಂಗಳೊಳಗೆ ಆಸ್ತಿ, ಸಾಲಗಳ ಪೂರ್ತಿ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಸಲ್ಲಿಸಬೇಕು ಎಂದು ಕಲಂ 317 ಹೇಳುತ್ತದೆ. ನ್ಯಾಯಾಲಯ ಗಡುವು ವಿಸ್ತರಿಸಲೂಬಹುದು. ಅಣ್ಣ ಇವನ್ನು ಸಲ್ಲಿಸಿದ್ದರೆ ಅರ್ಧ ಕೆಲಸ ಹಗುರವಾದಂತೆ. ಕರ್ನಾಟಕದ ನ್ಯಾಯಾಲಯಗಳಲ್ಲಿ ಇಂಥ ಅರ್ಜಿಗಳಿಗೆ ‘ಪಿ ಆಂಡ್ ಎಸ್‌ಸಿ’ (ಪ್ರೊಬೇಟ್ ಮತ್ತು ಸಕ್ಸೆಷನ್ ಸರ್ಟಿಫಿಕೇಟ್) ಎಂಬ ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಮೊದಲ ಆದೇಶ, ಆಸ್ತಿಪಟ್ಟಿ, ಲೆಕ್ಕ ಮತ್ತು ಜಾಮೀನು ಬಾಂಡಿನ ದೃಢೀಕೃತ ನಕಲು ತೆಗೆಸಿ. ಮೊದಲು ಕಟ್ಟಿದ ಕೋರ್ಟ್ ಶುಲ್ಕದ ದಾಖಲೆಯನ್ನೂ ವಕೀಲರ ಕೈಗೆ ಕೊಡಿ. ಎರಡನೇ ಅರ್ಜಿಯ ಶುಲ್ಕದ ಪ್ರಶ್ನೆ ಬಂದಾಗ ಅದು ಬೇಕಾಗುತ್ತದೆ.

ಪಟ್ಟಿಯಲ್ಲಿದ್ದದ್ದರಿಂದ ಮಾರಿದ್ದು, ತೀರಿಸಿದ್ದು, ಹಂಚಿದ್ದನ್ನು ಕಳೆದರೆ ಸಿಗುವುದೇ ಆಡಳಿತ ಆಗದೆ ಉಳಿದ ಆಸ್ತಿ. ಹೊಸ ಅರ್ಜಿಯ ಜೀವಾಳ ಈ ಪಟ್ಟಿಯೇ.

ಯಾರು ಅರ್ಜಿ ಹಾಕಬಹುದು?

ಕಲಂ 259 ಇಲ್ಲಿ ಕಟ್ಟುನಿಟ್ಟು. ಮೊದಲ ಸಲ ಯಾರಿಗೆ ಆಡಳಿತ ಪತ್ರ ಕೊಡಬಹುದಿತ್ತೋ ಅವರಿಗೆ ಮಾತ್ರ ಎರಡನೇ ಸಲವೂ ಕೊಡಬೇಕು. ತೀರಿಕೊಂಡವರು ಹಿಂದೂ, ಮುಸ್ಲಿಂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಕಲಂ 218ರ ಪ್ರಕಾರ ಅವರ ಆಸ್ತಿಯಲ್ಲಿ ಪಾಲು ಬರುವ ಯಾರಾದರೂ ಅರ್ಹರು.

ನಮ್ಮ ಲೆಕ್ಕದ ಮನೆಯಲ್ಲಿ ಅಮ್ಮ, ತಮ್ಮ, ಇಬ್ಬರು ತಂಗಿಯರಲ್ಲಿ ಯಾರು ಬೇಕಾದರೂ ಮುಂದೆ ಬರಬಹುದು. ಮದುವೆಯಾಗಿ ಹೋದವಳೆಂದು ತಂಗಿಯನ್ನು ಬದಿಗೆ ಸರಿಸಲು ಕಾನೂನಿನಲ್ಲಿ ಜಾಗವಿಲ್ಲ. ಅತ್ತಿಗೆಯ ಸ್ಥಾನ ಸ್ವಲ್ಪ ಸೂಕ್ಷ್ಮ. ಮಾವ ತೀರಿಕೊಂಡಾಗ ಗಂಡ ಬದುಕಿದ್ದರಿಂದ ಅವರು ಮಾವನ ನೇರ ವಾರಸುದಾರರಾಗಿರಲಿಲ್ಲ. ಅವರ ಹಕ್ಕು ಗಂಡನ ಮೂಲಕ ಬಂದದ್ದು. ಗಂಡ ಮಾಡುತ್ತಿದ್ದ ಕೆಲಸ ತನಗೇ ಬರಬೇಕೆಂದು ಅವರು ಕೇಳಲಾಗದು. ಆದರೆ ಈಗ ಆ ಆಸ್ತಿಯಲ್ಲಿ ಅವರಿಗೂ ಮಕ್ಕಳಿಗೂ ಪಾಲಿರುವುದರಿಂದ ಅವರಿಗೆ ನೋಟಿಸು ಹೋಗಬೇಕು, ಅವರ ಮಾತು ಕೇಳಬೇಕು. ಗಂಡನನ್ನು ಕಳೆದುಕೊಂಡವರ ಬೆನ್ನ ಹಿಂದೆ ಕಾಗದ ಮಾಡಿಸುವುದು ತಪ್ಪು. ಹಾಗೆ ಮರೆಮಾಚಿ ಪಡೆದ ಆದೇಶವನ್ನು ಕಲಂ 263ರ ಅಡಿ ರದ್ದು ಮಾಡಿಸಲೂ ಆಗುತ್ತದೆ.

ವಾರಸುದಾರರು ಯಾರೂ ಮುಂದೆ ಬಾರದಿದ್ದರೆ ಸಾಲ ಕೊಟ್ಟವರೂ ಅರ್ಜಿ ಹಾಕಬಹುದು. 1963ರ ಕಾನೂನಿನಂತೆ ರಾಜ್ಯಕ್ಕೊಬ್ಬರು ಅಡ್ಮಿನಿಸ್ಟ್ರೇಟರ್ ಜನರಲ್ ಎಂಬ ಸರ್ಕಾರಿ ಅಧಿಕಾರಿಯೂ ಇರುತ್ತಾರೆ. ಅಪ್ರಾಪ್ತರಿಗೆ, ಮಾನಸಿಕ ಅಸ್ವಸ್ಥರಿಗೆ ಆಡಳಿತ ಪತ್ರ ಸಿಗುವುದಿಲ್ಲ.

ಅರ್ಜಿಯ ದಾರಿ

ಅಪ್ಪ ವಾಸವಿದ್ದ ಅಥವಾ ಅವರ ಆಸ್ತಿ ಇದ್ದ ಜಿಲ್ಲೆಯ ನ್ಯಾಯಾಧೀಶರ ಮುಂದೆ ಅರ್ಜಿ ಹೋಗುತ್ತದೆ. ಮೊದಲ ಆದೇಶ ಕೊಟ್ಟ ನ್ಯಾಯಾಲಯವೇ ಆದರೆ ಕಡತ ಅಲ್ಲೇ ಇರುತ್ತದೆ. ಅಪ್ಪ ತೀರಿಕೊಂಡ ದಿನ ಮತ್ತು ಸ್ಥಳ, ಬದುಕಿರುವ ಸಂಬಂಧಿಕರು ಮತ್ತು ಅವರ ವಿಳಾಸ, ಅರ್ಜಿದಾರರ ಹಕ್ಕು, ಕೈಗೆ ಬರಬಹುದಾದ ಆಸ್ತಿಯ ಮೌಲ್ಯ ಇವೆಲ್ಲ ಮಾಮೂಲು ಅಂಶಗಳು. ಇವುಗಳ ಜತೆಗೆ ಮೊದಲ ಆಡಳಿತ ಪತ್ರದ ವಿವರ, ಅಡ್ಮಿನಿಸ್ಟ್ರೇಟರ್ ತೀರಿಕೊಂಡ ಸಂಗತಿ, ಉಳಿದ ಆಸ್ತಿಯ ಪಟ್ಟಿ ಸೇರಬೇಕು. ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್‌ಗಳಿದ್ದರೆ ಹಾದಿ ಸುಗಮ.

ನಂತರ ನ್ಯಾಯಾಲಯ ಸಂಬಂಧಪಟ್ಟವರಿಗೆ ನೋಟಿಸು ಕೊಡುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಹಾಕಿಸುವುದುಂಟು. ತಕರಾರು ಬಾರದಿದ್ದರೆ ಅರ್ಜಿದಾರರ ಹೇಳಿಕೆ ದಾಖಲಿಸಿ ಆದೇಶ ಮಾಡುತ್ತದೆ. ತಕರಾರು ಬಂದರೆ ಕಲಂ 295ರಂತೆ ಅರ್ಜಿ ದಾವೆಯ ರೂಪ ತಾಳುತ್ತದೆ: ಸಾಕ್ಷಿ, ಪಾಟೀಸವಾಲು, ವಾದ. ಕಾಲ ಎಳೆಯುವುದು ಆಗಲೇ. ಆದ್ದರಿಂದ ಅರ್ಜಿಗೆ ಮೊದಲು ಒಂದು ದಿನ ಎಲ್ಲರೂ ಕೂತು ಮಾತಾಡುವುದಕ್ಕೆ ಖರ್ಚು ಮಾಡಿದ ಸಮಯ ದಂಡವಲ್ಲ.

ಆದೇಶವಾದ ಮೇಲೆ ಹೊಸಬರು ಕಲಂ 291ರಂತೆ ಜಾಮೀನುದಾರರೊಂದಿಗೆ ಬಾಂಡ್ ಬರೆದುಕೊಡಬೇಕು. ಅಣ್ಣ ಬರೆದುಕೊಟ್ಟಿದ್ದ ಬಾಂಡ್ ಹೊಸಬರಿಗೆ ನಡೆಯುವುದಿಲ್ಲ. ಅದು ಅಣ್ಣನ ಕಾಲದ ಲೆಕ್ಕಕ್ಕೆ ಕಟ್ಟಿದ್ದು.

ಮುಂಬೈನಲ್ಲಿ ಫ್ಲ್ಯಾಟೋ ಬೇರೆ ರಾಜ್ಯದಲ್ಲಿ ಜಮೀನೋ ಇದ್ದರೆ ವಕೀಲರಿಗೆ ಮೊದಲೇ ಹೇಳಿ. ಜಿಲ್ಲಾ ನ್ಯಾಯಾಲಯದ ಆಡಳಿತ ಪತ್ರ ಸಾಮಾನ್ಯವಾಗಿ ರಾಜ್ಯದೊಳಗಿನ ಆಸ್ತಿಗೆ ಸಲ್ಲುತ್ತದೆ. ಹೊರರಾಜ್ಯದ ಆಸ್ತಿ 10,000 ರೂಪಾಯಿ ಮೀರುವುದಿಲ್ಲ ಎಂದು ನ್ಯಾಯಾಧೀಶರು ದೃಢೀಕರಿಸಿದರೆ ಮಾತ್ರ ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ. ಹೈಕೋರ್ಟ್ ಕೊಟ್ಟದ್ದಕ್ಕೆ ಆ ಮಿತಿಯಿಲ್ಲ.

ಹೊಸಬರು ಏನು ಮಾಡಬಹುದು, ಏನು ಮಾಡಬಾರದು

ಷೇರು ಮಾರಬಹುದು, ಠೇವಣಿ ಬಿಡಿಸಬಹುದು, ಬಾಕಿ ವಸೂಲಿಗೆ ದಾವೆ ಹೂಡಬಹುದು, ಉಳಿದ ಸಾಲ ತೀರಿಸಿ ಹಂಚಬಹುದು. ಆದರೆ ತೋಟ, ಸೈಟಿನ ವಿಷಯದಲ್ಲಿ ಕಲಂ 307 ಬೇಲಿ ಹಾಕಿದೆ. ನ್ಯಾಯಾಲಯದ ಅನುಮತಿ ಪಡೆಯದೆ ಅಡ್ಮಿನಿಸ್ಟ್ರೇಟರ್ ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗೇಣಿಗೆ ಕೊಡುವಂತಿಲ್ಲ. ಹಾಗೆ ಮಾಡಿದರೆ ಆಸ್ತಿಯಲ್ಲಿ ಹಿತಾಸಕ್ತಿ ಇರುವ ಯಾರಾದರೂ ಅದನ್ನು ಅಸಿಂಧುಗೊಳಿಸಬಹುದು. ಒಂದು ವರ್ಷದ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಡುವುದು ಬೇರೆ, ತೋಟವನ್ನೇ ಬರೆದುಕೊಡುವುದು ಬೇರೆ. ಸೈಟು ಕೊಳ್ಳುವವರು ನೀವಾಗಿದ್ದರೆ ಅನುಮತಿಯ ಆದೇಶ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಅಣ್ಣ ಕ್ರಮವಾಗಿ ಮುಗಿಸಿದ ಕೆಲಸವನ್ನು ಹೊಸಬರು ಮತ್ತೆ ಬಿಚ್ಚುವುದಿಲ್ಲ. ತೀರಿಸಿದ ಸಾಲ ತೀರಿತು, ಅನುಮತಿ ಪಡೆದು ಮಾರಿದ್ದು ಮಾರಿ ಆಯಿತು.

ಬೆರೆತುಹೋದ ದುಡ್ಡು

ನಿಜವಾದ ತೊಡಕು ಇದು. ಎರಡು ವರ್ಷದ ಅಡಿಕೆ ಮಾರಿದ ಹಣ ಎಲ್ಲಿ ಹೋಯಿತು ಎಂದು ನೋಡಿದರೆ ಅಣ್ಣನ ಸ್ವಂತ ಉಳಿತಾಯ ಖಾತೆಯಲ್ಲಿದೆ. ಕೆಟ್ಟ ಮನಸ್ಸಿನಿಂದ ಮಾಡಿದ್ದೇನಲ್ಲ. ಬೇರೆ ಖಾತೆ ತೆರೆಯುವ ರಗಳೆ ಯಾಕೆಂದು ಹಾಗೆ ಮಾಡಿದ್ದರು. ಅದೇ ಖಾತೆಯಲ್ಲಿ ಅವರ ಪಿಂಚಣಿಯೂ ಇದೆ, ಮಗಳ ಫೀಸಿನ ದುಡ್ಡೂ ಇದೆ. ನಾಮಿನಿ ಅತ್ತಿಗೆ. ಬ್ಯಾಂಕು ಅವರಿಗೆ ಹಣ ಕೊಡುತ್ತದೆ.

ಹಣ ಕೈಗೆ ಬಂದ ಮಾತ್ರಕ್ಕೆ ಅದೆಲ್ಲ ಅತ್ತಿಗೆಯದಾಗುವುದಿಲ್ಲ. ನಾಮಿನಿ ಎಂದರೆ ಹಣ ಪಡೆದುಕೊಳ್ಳಲು ಗೊತ್ತುಮಾಡಿದವರು. ವಾರಸುದಾರರ ಹಕ್ಕು ಅದರಿಂದ ಅಳಿಯುವುದಿಲ್ಲ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಮತ್ತೆ ಹೇಳಿತು. ಅಪ್ಪನ ಅಡಿಕೆಯ ಹಣ ಅಣ್ಣನ ಖಾತೆಯಲ್ಲಿದ್ದರೂ ಅದು ಅಪ್ಪನ ಗಂಟಿಗೇ ಸೇರಿದ್ದು. ಹೊಸ ಅಡ್ಮಿನಿಸ್ಟ್ರೇಟರ್ ಅದನ್ನು ಕೇಳಬಹುದು, ಲೆಕ್ಕವನ್ನೂ ಕೇಳಬಹುದು. ಒಬ್ಬರ ಮೇಲಿದ್ದ ಹಣಕಾಸಿನ ಹಕ್ಕೊತ್ತಾಯ ಅವರ ಸಾವಿನಿಂದ ಕರಗುವುದಿಲ್ಲ. ಆದರೆ ಆ ಹೊಣೆ ಅಣ್ಣ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ. ಅತ್ತಿಗೆಯ ತವರಿನ ಚಿನ್ನಕ್ಕೋ ಅವರ ಸ್ವಂತ ಸಂಬಳಕ್ಕೋ ಯಾರೂ ಕೈ ಹಾಕುವಂತಿಲ್ಲ.

ಎರಡೂ ಕಡೆಯವರಿಗೆ ನೆರವಾಗುವುದು ಕಾಗದ. ಮಂಡಿಯ ಬಿಲ್ಲಿನ ತಾರೀಖು ಮತ್ತು ಮೊತ್ತವನ್ನು ಪಾಸ್‌ಬುಕ್ಕಿನ ಜಮೆಯೊಂದಿಗೆ ಹೊಂದಿಸಿ. ಸೊಸೈಟಿ ರಸೀದಿ, ಕೂಲಿ ಪುಸ್ತಕ, ಆಸ್ಪತ್ರೆ ಬಿಲ್ಲು ಮುಂದಿಡಿ. ಅಣ್ಣ ಕೈಯಿಂದ ಹಾಕಿದ ನ್ಯಾಯವಾದ ಖರ್ಚನ್ನು ಕಳೆಯಿರಿ. ಲೆಕ್ಕ ಕೇಳುವುದು ಸತ್ತವರ ಮೇಲಿನ ಅನುಮಾನವಲ್ಲ ಎಂದು ಅತ್ತಿಗೆಗೆ ಮೊದಲೇ ಬಾಯಿಬಿಟ್ಟು ಹೇಳಿ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಲೆಕ್ಕ ನೋಡಿ.

ಉಯಿಲು ಇದ್ದಿದ್ದರೆ

ಎಕ್ಸಿಕ್ಯೂಟರ್ ಪ್ರೊಬೇಟ್ ಪಡೆಯುವ ಮೊದಲೇ ತೀರಿಕೊಂಡರೆ, ಅಥವಾ ಪಡೆದ ಮೇಲೆ ಕೆಲಸ ಮುಗಿಸುವ ಮೊದಲು ತೀರಿಕೊಂಡರೆ, ಉಯಿಲಿನಲ್ಲಿ ಇಡೀ ಆಸ್ತಿಯನ್ನು ಅಥವಾ ‘ಇತರರಿಗೆ ಕೊಟ್ಟು ಮಿಕ್ಕಿದ್ದನ್ನು’ ಪಡೆಯುವವರಿಗೆ ಕಲಂ 232 ಅವಕಾಶ ಕೊಡುತ್ತದೆ. ಅವರಿಗೆ ಉಯಿಲು ಲಗತ್ತಿಸಿದ ಆಡಳಿತ ಪತ್ರ ಸಿಗುತ್ತದೆ. ಹಂಚಿಕೆ ಉಯಿಲಿನಂತೆಯೇ ಆಗಬೇಕು. ಎಕ್ಸಿಕ್ಯೂಟರ್ ಸತ್ತರೆಂದು ಉಯಿಲು ಸಾಯುವುದಿಲ್ಲ.

ಪಹಣಿಯಲ್ಲಿ ಅಣ್ಣನ ಹೆಸರು ಬಂದಿದ್ದರೆ?

ಅಪ್ಪ ಹೋದ ಮೇಲೆ ಅನುಕೂಲಕ್ಕೆಂದು ಪಹಣಿಗೆ ಅಣ್ಣನೊಬ್ಬನ ಹೆಸರು ಹಾಕಿಸಿದ ಮನೆಗಳು ನಮ್ಮಲ್ಲಿ ಬಹಳ. ಈಗ ಅಣ್ಣನ ಪೌತಿ ಖಾತೆ ಎಂದು ಅತ್ತಿಗೆ, ಮಕ್ಕಳ ಹೆಸರು ಬಂದುಬಿಟ್ಟರೆ ತಂಗಿಯರ ಎದೆ ಧಸಕ್ಕೆನ್ನುತ್ತದೆ. ಪಹಣಿ ಮತ್ತು ಮ್ಯುಟೇಷನ್ (ಖಾತೆ ಬದಲಾವಣೆ) ಕಂದಾಯದ ದಾಖಲೆಗಳು. ಅವು ಮಾಲೀಕತ್ವವನ್ನು ಹುಟ್ಟಿಸುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಹಾಗೆಂದು ಸುಮ್ಮನಿರುವುದೂ ಸರಿಯಲ್ಲ. ಮ್ಯುಟೇಷನ್ ನೋಟಿಸು ಬಂದಾಗ, ಅದರಲ್ಲಿ ಕೊಟ್ಟ ಅವಧಿಯೊಳಗೆ, ಇದು ತೀರಿಕೊಂಡ ತಂದೆಯ ಆಸ್ತಿ, ಹಂಚಿಕೆ ಬಾಕಿಯಿದೆ ಎಂದು ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಅಪ್ಪನಿಂದ ಶುರುವಾಗಿ ಅಮ್ಮ, ನಾಲ್ಕೂ ಮಕ್ಕಳು, ಅಣ್ಣನ ಹೆಂಡತಿ ಮಕ್ಕಳು ಎಲ್ಲರೂ ಅದರಲ್ಲಿರಲಿ.

ಕೆಲಸ ಮುಗಿಯುವುದು ಯಾವಾಗ?

ಉಳಿದ ಸಾಲ ತೀರಿ, ಷೇರು ಮತ್ತು ಠೇವಣಿ ಅವರವರ ಪಾಲಿಗೆ ಹೋಗಿ, ತೋಟ, ಸೈಟಿನ ಪಾಲು ಕಾಗದಕ್ಕಿಳಿದು ನೋಂದಣಿಯಾಗಿ, ಪ್ರತಿಯೊಬ್ಬರಿಂದ ಪಾವತಿಗೆ ಸಹಿ ಪಡೆದ ಮೇಲೆ ಹೊಸಬರು ನ್ಯಾಯಾಲಯಕ್ಕೆ ತಮ್ಮ ಲೆಕ್ಕ ಸಲ್ಲಿಸುತ್ತಾರೆ. ಆರು ತಿಂಗಳು, ಒಂದು ವರ್ಷದ ಅದೇ ಗಡುವು ಅವರಿಗೂ ಇದೆ. ಆ ಲೆಕ್ಕದ ಒಂದು ಪ್ರತಿ ಅಮ್ಮನ ಟ್ರಂಕಿನಲ್ಲೂ ಒಂದು ಅತ್ತಿಗೆಯ ಕೈಯಲ್ಲೂ ಇರಲಿ.